ಏರ್ ಫ್ರೈಯರ್ ಕೊಳ್ಳುವ ಮುನ್ನ

ಮದ್ದೂರಿಗೂ ಮಂಡ್ಯಕ್ಕೂ ನಡುವಣ ಹನಕೆರೆಯ ಸುತ್ತಲ ಮನೆಗಳಿಗೆ ಕರಿದ ತಿನಿಸು ಹೊಸತಲ್ಲ; ಮದ್ದೂರು ವಡೆಯ ಸೀಮೆ ನಮ್ಮದು. ಈಗ ಹಳ್ಳಿಯ ಅಡುಗೆಮನೆಗಳಿಗೂ ಏರ್ ಫ್ರೈಯರ್ ಬರತೊಡಗಿದೆ. ಮಕ್ಕಳಿಗೆ ಚಿಪ್ಸ್ ಬೇಕು, ಹಿರಿಯರಿಗೆ ಎಣ್ಣೆ ಬೇಡ. ಎರಡನ್ನೂ ಈ ಯಂತ್ರ ನಡೆಸಿಕೊಡುತ್ತದೆಂಬ ಮಾತು ಕೇಳಿಬರುತ್ತಿದೆ. ಇದಕ್ಕೆ ನಾಲ್ಕೈದು ಸಾವಿರದಿಂದ ಹತ್ತು ಸಾವಿರ ರೂಪಾಯಿ ತೆರುವುದು ಯುಕ್ತವೆ ಎಂಬ ಬಗ್ಗೆ ನಮ್ಮ ಅಭಿಪ್ರಾಯವನ್ನು ಭಕ್ತರ ಮುಂದಿಡುತ್ತಿದ್ದೇವೆ.

ಫಿಲಿಪ್ಸ್ ಸಂಸ್ಥೆ 2010ರಲ್ಲಿ ಮಾರುಕಟ್ಟೆಗೆ ತಂದ ಈ ಯಂತ್ರ ಹೆಸರಿಗೆ ಮಾತ್ರ ಕರಿಯುವಂಥದು. ಮೇಲೊಂದು ಕಾಯುವ ಸುರುಳಿ, ಅದರ ಬಿಸಿಯನ್ನು ರಭಸದಿಂದ ಸುತ್ತಿಸುವ ಫ್ಯಾನು. ವಾಸ್ತವವಾಗಿ ಇದೊಂದು ಪುಟ್ಟ ಓವನ್. ಎಣ್ಣೆಯ ಲೆಕ್ಕದಲ್ಲಿ ಇದರ ಉಪಕಾರ ನಿಜ. ಬಾಣಲೆಯಲ್ಲಿ ಕರಿದ ತೆಳು ಚಿಪ್ಸಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯೇ ಇರುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಇಲ್ಲಿ ಅರ್ಧ ಕಿಲೋ ಆಲೂಗೆಡ್ಡೆಗೆ ಒಂದೆರಡು ಚಮಚ ಸಾಕು. ಅದಕ್ಕಿಂತಲೂ ಮುಖ್ಯವಾದುದು, ಕರಿದು ಮಿಕ್ಕ ಎಣ್ಣೆ ಉಳಿಯುವುದೇ ಇಲ್ಲ. ಆ ಎಣ್ಣೆಯನ್ನು ಸೋಸಿಟ್ಟು ಮತ್ತೆ ಮತ್ತೆ ಕಾಯಿಸುವ ರೂಢಿ ಅನೇಕ ಮನೆಗಳಲ್ಲಿದೆ. ಹೀಗೆ ಕೆಟ್ಟ ಎಣ್ಣೆಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಮಿತಿ ವಿಧಿಸಿದೆ. 2018ರ ಜುಲೈಯಿಂದ, ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸುವಂತಿಲ್ಲ. ಮನೆಯ ಬಾಣಲೆಯನ್ನು ಅಳೆಯುವವರು ಯಾರು?

ಆದರೆ ನಮ್ಮ ಆತಂಕ ಬೇರೆಯದು. ಎಣ್ಣೆಯಿಲ್ಲದ ಚಿಪ್ಸನ್ನು ಸಕ್ಕರೆ ಕಾಯಿಲೆಯವರೂ ನಿಶ್ಚಿಂತೆಯಿಂದ ತಿನ್ನಬಹುದೆಂಬ ನಂಬಿಕೆ ಹರಡುತ್ತಿದೆ. ಇದು ಅಪಾಯದ ನಂಬಿಕೆ. 100 ಗ್ರಾಂ ಹಸಿ ಆಲೂಗೆಡ್ಡೆಯಲ್ಲಿ ಪಿಷ್ಟಾದಿಗಳು ಸುಮಾರು 17 ಗ್ರಾಂ. ನೀರು ಆರಿ ಗರಿಗರಿಯಾದ ಮೇಲೆ 100 ಗ್ರಾಂ ಕರಿದ ಚಿಪ್ಸಿನಲ್ಲಿ ಅವು ಸುಮಾರು 50 ಗ್ರಾಂ. ಎಣ್ಣೆ ಹೀರದೆ ಅಷ್ಟೇ ಗರಿಗರಿಯಾದ ಚಿಪ್ಸಿನಲ್ಲಿ, ಅದೇ ತೂಕಕ್ಕೆ ಪಿಷ್ಟದ ಪಾಲು ಇನ್ನೂ ಹೆಚ್ಚು. ಯಂತ್ರವು ಎಣ್ಣೆಯನ್ನು ಕಳೆಯುತ್ತದೆ, ಪಿಷ್ಟವನ್ನಲ್ಲ. ಉಪ್ಪನ್ನಂತೂ ಅಲ್ಲವೇ ಅಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡವುಳ್ಳವರು "ಇದು ಎಣ್ಣೆಯದಲ್ಲ" ಎಂದುಕೊಂಡು ಎರಡು ತಟ್ಟೆ ತಿಂದರೆ ಲಾಭವೇನು?

ಇನ್ನೊಂದು ಎಚ್ಚರ. ಪಿಷ್ಟವುಳ್ಳ ಪದಾರ್ಥವನ್ನು 120 ಡಿಗ್ರಿಗೂ ಮೀರಿ ಕಾಯಿಸಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹುಟ್ಟುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತಿಳಿಸಿದರು. ಬಾಣಲೆಯಾಗಲಿ ಯಂತ್ರವಾಗಲಿ ಇದಕ್ಕೆ ಹೊರತಲ್ಲ. ಹೆಚ್ಚಿದ ಆಲೂಗೆಡ್ಡೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣಕ್ಕೆ ಬಂದೊಡನೆ ತೆಗೆದರೆ ಅದು ಕಡಿಮೆಯಾಗುತ್ತದೆ. ಚಿಪ್ಸಿಗೆಂದು ತಂದ ಆಲೂಗೆಡ್ಡೆಯನ್ನು ಫ್ರಿಜ್ಜಿನಲ್ಲಿಡುವುದು ಒಳ್ಳೆಯದಲ್ಲ. ತಂಪಿನಲ್ಲಿ ಅದರ ಸಕ್ಕರೆಯಂಶ ಏರಿ, ಬೇಗ ಕಂದುಗಟ್ಟುತ್ತದೆ.

ಅನುಕೂಲದ ಮಾತಿಗೆ ಬಂದರೆ, ಉದ್ದುದ್ದ ಹೋಳುಗಳು ಇದರಲ್ಲಿ ಚೆನ್ನಾಗಿ ಆಗುತ್ತವೆ. ತೆಳು ಬಿಲ್ಲೆಗಳು ಗಾಳಿಗೆ ಎದ್ದು, ಒಂದು ಕಡೆ ಸೀದು ಇನ್ನೊಂದು ಕಡೆ ಮೆತ್ತಗುಳಿಯುವುದುಂಟು. ನೀರಾದ ಹಿಟ್ಟಿನ ಬಜ್ಜಿ ಸೋರಿಹೋಗುತ್ತದೆ. ವಡೆ ಬೇಯಬಹುದು, ಆದರೆ ಮದ್ದೂರು ವಡೆಯೆಂದು ಕೊಟ್ಟರೆ ಈ ಸೀಮೆಯವರು ಒಪ್ಪಲಾರರು. ಬುಟ್ಟಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗಾಳಿ ಆಡದು. ಏಳೆಂಟು ಮಂದಿಯ ಮನೆಯಲ್ಲಿ ಮೂರು ನಾಲ್ಕು ಸಲ ಇಡಬೇಕಾಗುತ್ತದೆ. 1,500 ವಾಟ್ ಎಳೆಯುವ ಯಂತ್ರವಾದುದರಿಂದ ದೊಡ್ಡ ಪವರ್ ಪ್ಲಗ್ ಅವಶ್ಯ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬಾರದು.

ಹಾಗಾದರೆ ಕೊಳ್ಳಬೇಕೆ? ಮೂರು ನಾಲ್ಕು ಮಂದಿಯ ಸಂಸಾರ, ವಾರಕ್ಕೆ ಎರಡು ಸಲವಾದರೂ ಮನೆಯಲ್ಲೇ ಕರಿಯುವ ಅಭ್ಯಾಸ, ಅದನ್ನು ಬಿಡಲಾಗದ ಮಕ್ಕಳು. ಇಂಥವರು ಕೊಂಡರೆ ಹಣ ವ್ಯರ್ಥವಾಗದು. ಹಬ್ಬಕ್ಕೊಮ್ಮೆ ಬಾಣಲೆ ಇಡುವವರಿಗೆ ಇದು ಬೇಡ. ಕರಿದದ್ದೆಲ್ಲ ಬೇಕರಿಯಿಂದಲೇ ಬರುವ ಮನೆಗೂ ಬೇಡ. ಬೇಕರಿಯ ಪೊಟ್ಟಣವನ್ನು ಯಂತ್ರ ತಡೆಯಲಾರದು. ಸಕ್ಕರೆ ಕಾಯಿಲೆಗೆ ಮದ್ದೆಂದು ಕೊಳ್ಳುವುದಂತೂ ಸರಿಯಲ್ಲ. ಸಂಜೆಯ ಬಾಯಿಚಪಲಕ್ಕೆ ಹುರಿದ ಅಥವಾ ಬೇಯಿಸಿದ ಕಡಲೆಕಾಯಿ ಒಂದು ಹಿಡಿ ಇದೆ, ಹುರಿಗಡಲೆ ಇದೆ. ವಡೆಯ ಹಿಟ್ಟನ್ನು ಗುಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಪಡ್ಡಿನ ಹಂಚಿನಲ್ಲಿ ಬೇಯಿಸಬಹುದು; ಆ ಹಂಚು ಅನೇಕರ ಅಟ್ಟದ ಮೇಲೆ ಈಗಾಗಲೇ ಇದೆ.