ಆಟಗಾರರು ಮೊದಲು, ವ್ಯೂಹ ಆಮೇಲೆ

ಮಳೆಗಾಲದ ನಡುವೆಯೇ ಶಾಲಾ ಕ್ರೀಡಾಕೂಟಗಳ ಓಡಾಟ ಶುರುವಾಗುತ್ತದೆ. ವಲಯ, ತಾಲೂಕು, ಜಿಲ್ಲೆ ಎಂದು ತಂಡಗಳು ಹಂತ ಹಂತವಾಗಿ ಹೊರಡಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಫುಟ್‌ಬಾಲ್ ತಂಡ ಕಟ್ಟುವ ಮಾಸ್ತರರಿಗೆ ಈಗ ದೊಡ್ಡ ದೊಡ್ಡ ಕ್ಲಬ್ಬುಗಳ ಆಟ ಮೊಬೈಲಿನಲ್ಲೇ ಸಿಗುತ್ತದೆ. ನೋಡಿ ಕಲಿಯುವುದು ಒಳ್ಳೆಯದೇ. ಆದರೆ ಅಲ್ಲಿ ಕಂಡ 4-3-3 ವ್ಯೂಹವನ್ನು ಹಾಗೇ ತಂದು, ಅದರ ಒಂದೊಂದು ಜಾಗಕ್ಕೂ ಒಬ್ಬೊಬ್ಬ ಹುಡುಗನನ್ನು ತುರುಕಹೊರಟರೆ ಕೆಲಸ ಕೆಡುತ್ತದೆ. ಕೋಚ್ ಮೊದಲು ನೋಡಬೇಕಾದದ್ದು ತನ್ನ ಮುಂದಿರುವ ಆಟಗಾರರನ್ನು. ವ್ಯೂಹ ಅವರಿಂದ ಹುಟ್ಟಬೇಕು.

ದೊಡ್ಡ ಕ್ಲಬ್ಬಿಗೆ ತನ್ನ ಪದ್ಧತಿಗೆ ಬೇಕಾದ ಆಟಗಾರನನ್ನು ದುಡ್ಡು ಕೊಟ್ಟು ತರಲು ಬರುತ್ತದೆ. ಸಂತೆಗುಳಿಯಂಥ ಊರಿನ ಮಾಸ್ತರರಿಗೆ ಸಿಗುವವರು ಆ ವರ್ಷ ಆ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಮಾತ್ರ. ಅವರಲ್ಲಿ ಹೆಚ್ಚಿನವರು ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡಿ ಬಂದವರು. ಮೈದಾನವೋ ಆಗಸ್ಟಿನಲ್ಲಿ ನೀರು ನಿಂತ ಕೆಸರು. ಅಲ್ಲಿ ಗೋಲ್‌ಕೀಪರಿನಿಂದಲೇ ಸಣ್ಣ ಸಣ್ಣ ಪಾಸ್ ಕೊಟ್ಟು ಆಟ ಕಟ್ಟಿ ಎಂದರೆ, ಚೆಂಡು ಎರಡನೆಯ ಪಾಸಿಗೇ ಕೆಸರಿನಲ್ಲಿ ಹೂತು ನಿಲ್ಲುತ್ತದೆ, ಬೈಸಿಕೊಳ್ಳುವುದು ಹುಡುಗರು.

ನಮ್ಮ ದೇಶದ ಫುಟ್‌ಬಾಲ್ ಕಂಡ ಬಹುದೊಡ್ಡ ಗೆಲುವು ಬಂದದ್ದೂ ಆಟಗಾರರನ್ನು ಅರಿತ ಒಬ್ಬ ಕೋಚ್‌ನಿಂದ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತನ್ನ ಮೊದಲ ಪಂದ್ಯವನ್ನು ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ಮುಂದಿನ ಪಂದ್ಯದಲ್ಲಿ ತಂಡದ ಭದ್ರ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಂ ಜರ್ನೈಲ್ ಅವರನ್ನು ಮನೆಗೆ ಕಳಿಸಲಿಲ್ಲ, ಹಿಂದಿನ ಸಾಲಿಗೂ ಹಾಕಲಿಲ್ಲ. ಆ ಎತ್ತರ, ಆ ಮೈಬಲ, ಆ ಛಲ ಎದುರಾಳಿಯ ಗೋಲಿನ ಮುಂದೆಯೂ ಕೆಲಸಕ್ಕೆ ಬರುತ್ತದೆಂದು ಲೆಕ್ಕ ಹಾಕಿ ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನಲ್ಲಿ ಸೋತದ್ದು ಅದೇ ದಕ್ಷಿಣ ಕೊರಿಯಾ, 2-1ರಿಂದ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.

ನಮ್ಮ ರಾಜ್ಯದಲ್ಲೇ ಹತ್ತಿರದ ಉದಾಹರಣೆ ಇದೆ. 2022-23ರ ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು ಕಂಡಿತ್ತು. ಕೋಚ್ ಸೈಮನ್ ಗ್ರೇಸನ್ ಹೆಸರಿನ ತೂಕ ಬಿಟ್ಟು ಕಾಲಿನ ಕಸುವು ನೋಡಿದರು. ಚುರುಕಿನ ಹುಡುಗ ಶಿವಶಕ್ತಿ ನಾರಾಯಣನ್‌ನನ್ನು ರಾಯ್ ಕೃಷ್ಣ ಜೊತೆ ಮುಂದೆ ಹಾಕಿದರು. ಮೂವತ್ತೆಂಟರ ಸುನಿಲ್ ಛೆಟ್ರಿಯನ್ನು, ಎದುರಾಳಿ ದಣಿದ ಹೊತ್ತಿಗೆ ಇಳಿಸಲೆಂದು ಬೆಂಚಿನಲ್ಲಿ ಕಾದಿಟ್ಟರು. ತಂಡ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಫೈನಲ್‌ವರೆಗೆ ಹೋಯಿತು. ಪ್ಲೇಆಫ್‌ನ ನಿರ್ಣಾಯಕ ಗೋಲುಗಳು ಬದಲಿಯಾಗಿ ಇಳಿದ ಛೆಟ್ರಿಯವೇ. ಫೈನಲ್ ಪೆನಾಲ್ಟಿಯಲ್ಲಿ ಕೈತಪ್ಪಿತು. ಆದರೂ ಮುಳುಗುತ್ತಿದ್ದ ತಂಡ ದಡ ಸೇರಿತ್ತು.

ತದ್ವಿರುದ್ಧ ನಡೆದರೆ ಏನಾಗುತ್ತದೆಂದು ಇಂಗ್ಲೆಂಡಿನಲ್ಲಿ ನೋಡಿದ್ದೇವೆ. 2024ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ರೂಬೆನ್ ಅಮೋರಿಂ, ಬೇರೆ ಪದ್ಧತಿಗೆಂದು ಕೂಡಿಸಿದ್ದ ತಂಡದ ಮೇಲೆ ಮೂವರು ಡಿಫೆಂಡರುಗಳ ತಮ್ಮ ಪದ್ಧತಿಯನ್ನು ಹೇರಿದರು. ಋತು ಮುಗಿದಾಗ ಆ ಶ್ರೀಮಂತ ಕ್ಲಬ್ಬು ಪ್ರೀಮಿಯರ್ ಲೀಗ್‌ನಲ್ಲಿ 15ನೆಯ ಸ್ಥಾನದಲ್ಲಿತ್ತು.

ಹಾಗಾದರೆ ಹುಡುಗರು ಆಡಿದ್ದೇ ಆಟ ಎಂದು ಬಿಟ್ಟುಬಿಡಬೇಕೇ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವೂ ನಮ್ಮ ಚರಿತ್ರೆಯಲ್ಲೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನಂಶ ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 1-2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬರಿಗಾಲು ನಮ್ಮ ಬಲವೆಂದೇ ಎಲ್ಲರೂ ನಂಬಿದರು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆಮೇಲೆ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್‌ನಲ್ಲಿ, ರಹೀಂ ಅವರ ಗರಡಿಯಲ್ಲಿ, ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿತು. ಚೆಂಡಿನ ಮೇಲಿನ ಹಿಡಿತ ನಮ್ಮ ಸಾಮರ್ಥ್ಯವಾಗಿತ್ತು, ಬರಿಗಾಲು ಬರೀ ರೂಢಿಯಾಗಿತ್ತು. ಸಾಮರ್ಥ್ಯವನ್ನು ಉಳಿಸಿ ರೂಢಿಯನ್ನು ಬಿಡಿಸುವುದೇ ಕೋಚ್‌ನ ನಿಜವಾದ ಕಸುಬು.

ಹೊನ್ನಾವರ ಸೀಮೆಯ ಯಕ್ಷಗಾನ ಪ್ರೇಕ್ಷಕರಿಗೆ ಇದು ಹೊಸದಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ರಂಗಕ್ಕೆ ಬಂದರೆ ಭಾಗವತರು ಅವರ ಕುಣಿತಕ್ಕೆ ಎಡೆಮಾಡಿ ಪದ್ಯ ಹಿಗ್ಗಿಸಬೇಕಿತ್ತು. ಮಾತಿನ ಕಸುಬಿನವರು ಬಂದರೆ ಅರ್ಥಕ್ಕೆ ಜಾಗ ಬಿಡಬೇಕು. ಪ್ರಸಂಗ ಒಂದೇ, ನಡೆ ಕಲಾವಿದನಿಗೆ ತಕ್ಕಂತೆ. ತಾಳ ತಪ್ಪುವ ಸ್ವಾತಂತ್ರ್ಯ ಮಾತ್ರ ಯಾರಿಗೂ ಇಲ್ಲ. ಫುಟ್‌ಬಾಲ್‌ನ ತಾಳವೆಂದರೆ ದಮ್ಮು, ಚೆಂಡು ಕಳೆದುಕೊಂಡ ಕೂಡಲೇ ಹಿಂದೆ ಓಡುವುದು, ಎರಡೂ ಕಾಲಲ್ಲಿ ಪಾಸ್ ಕೊಡುವುದು, ಜೊತೆಗಾರನಿಗೆ ಆಸರೆಯಾಗುವುದು. ಇವುಗಳಲ್ಲಿ ರಿಯಾಯಿತಿ ಕೂಡದು. ಎಷ್ಟು ಜನ ಹಿಂದೆ, ಎಷ್ಟು ಜನ ಮುಂದೆ ಎನ್ನುವುದು ಮಾತ್ರ ಹುಡುಗರನ್ನು ನೋಡಿ ತೀರ್ಮಾನವಾಗಲಿ.

ಶಾಲೆಯ ಕೋಚ್‌ಗೆ ಇನ್ನೂ ಒಂದು ಹೊಣೆಯಿದೆ. ಎಂಟನೆಯ ತರಗತಿಯಲ್ಲಿ ಎತ್ತರವಿದ್ದವಳನ್ನು ಮೂರು ವರ್ಷವೂ ಡಿಫೆಂಡರ್ ಎಂದೇ ನಿಲ್ಲಿಸಿದರೆ ಅದು ಅವಳ ಸಾಮರ್ಥ್ಯವನ್ನು ಗುರುತಿಸಿದಂತಲ್ಲ, ಕಟ್ಟಿಹಾಕಿದಂತೆ. ಮಕ್ಕಳ ಮೈ ಬೆಳೆಯುತ್ತದೆ, ಆಟದ ಬುದ್ಧಿಯೂ ಬೆಳೆಯುತ್ತದೆ. ಟೂರ್ನಮೆಂಟಿನಲ್ಲಿ ಬಲವಾದ ಜಾಗದಲ್ಲಿ ಆಡಿಸಿ; ಅಭ್ಯಾಸದಲ್ಲಿ ಎಲ್ಲ ಜಾಗಗಳಲ್ಲೂ ಆಡಿಸಿ.

ಇಷ್ಟೆಲ್ಲ ಮಾಡಲು ಮಾಸ್ತರರಿಗೆ ಸಮಯ ಬೇಕು. ಕ್ರೀಡಾಕೂಟದ ಪತ್ರ ಬಂದ ಮೇಲೆ ವಾರದಲ್ಲಿ ತಂಡ ಆರಿಸಿ ಕಳಿಸುವ ಕಡೆ ಯಾವ ಮಗುವಿನ ಯಾವ ಗುಣವೂ ಕಣ್ಣಿಗೆ ಬೀಳುವುದಿಲ್ಲ. ಆಗ ಮೊಬೈಲಿನಲ್ಲಿ ಕಂಡ ವ್ಯೂಹವೇ ಗತಿಯಾಗುತ್ತದೆ. ಆದ್ದರಿಂದ ಮುಖ್ಯ ಶಿಕ್ಷಕರಲ್ಲಿ, ಎಸ್‌ಡಿಎಂಸಿಯವರಲ್ಲಿ ನಮ್ಮ ಒತ್ತಾಯ ಇಷ್ಟೇ: ಜೂನಿನಲ್ಲಿ ಶಾಲೆ ತೆರೆದಂದಿನಿಂದಲೇ ಆಟದ ಪೀರಿಯಡ್ಡನ್ನು ಆಟಕ್ಕೇ ಬಿಡಿ, ಗಣಿತಕ್ಕೂ ವಿಜ್ಞಾನಕ್ಕೂ ಎರವಲು ಕೇಳಬೇಡಿ. ಮಾಸ್ತರರು ಮೊದಲ ತಿಂಗಳು ಯಾವ ವ್ಯೂಹವನ್ನೂ ಹೇಳಿಕೊಡದೆ ಮಕ್ಕಳ ಆಟವನ್ನು ನೋಡಲಿ. ಯಾರು ಓಡುತ್ತಾರೆ, ಯಾರು ತಡೆಯುತ್ತಾರೆ, ಯಾರಿಗೆ ಕೆಸರಿನಲ್ಲೂ ಚೆಂಡು ಮಾತು ಕೇಳುತ್ತದೆ ಎಂದು ಬರೆದಿಟ್ಟುಕೊಳ್ಳಲಿ. ತಂಡದ ವ್ಯೂಹ ಆ ಪುಸ್ತಕದಿಂದಲೇ ಮೂಡಲಿ.