ಗಾರ್ಡ್ ಬಿಚ್ಚಿಸುವುದು ಪೀಸ್ ರೇಟು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ರಿಪೇರಿ ಅಂಗಡಿ. ಸುತ್ತಲಿನ ಫೌಂಡ್ರಿಗಳಲ್ಲಿ ಕಂಪ್ರೆಸರ್ ಗಾಳಿಯಿಂದ ಓಡುವ ಗ್ರೈಂಡರ್, ಕಟರ್, ಸ್ಯಾಂಡರ್‌ಗಳು ಕೆಟ್ಟರೆ ನನ್ನ ಮೇಜಿಗೆ ಬರುತ್ತವೆ. ಅಚ್ಚಿನಿಂದ ತೆಗೆದ ಎರಕದ ಅಂಚು ಕತ್ತರಿಸಿ, ಕಚ್ಚಿಕೊಂಡ ಮರಳು ಕಿತ್ತು, ಉಜ್ಜಿ ನಯ ಮಾಡುವುದಕ್ಕೆ ನಮ್ಮಲ್ಲಿ ಫೆಟ್ಲಿಂಗ್ ಅನ್ನುತ್ತಾರೆ. ಆ ಶೆಡ್ಡುಗಳಿಂದ ಬರುವ ಎಷ್ಟೋ ಗ್ರೈಂಡರ್‌ಗಳಿಗೆ ಚಕ್ರಕ್ಕೆ ಮರೆಯಾಗಿರಬೇಕಾದ ಗಾರ್ಡೇ ಇರುವುದಿಲ್ಲ. ಯಾಕೆ ಎಂದು ಕೇಳಿದರೆ ಮಾಲೀಕರದು ಒಂದೇ ಉತ್ತರ: ‘ನಮ್ಮ ಹುಡುಗ್ರು ಮಾತ್ ಕೇಳಂಗಿಲ್ರೀ.’

ನಾನಿದನ್ನು ಒಪ್ಪುವುದಿಲ್ಲ. ಗಾರ್ಡನ್ನು ಬಿಚ್ಚುವುದು ಹುಡುಗನ ಕೈ ಇರಬಹುದು, ಬಿಚ್ಚಿಸುವುದು ಪೀಸ್ ರೇಟು. ನಗಕ್ಕಿಷ್ಟು ಎಂದು ಕೂಲಿ ಗೊತ್ತಾದ ಮೇಲೆ, ಎರಕದ ಮೂಲೆಗೆ ಹೋಗಲು ಅಡ್ಡ ಬರುವ ಗಾರ್ಡ್ ಅವನಿಗೆ ಸಂಬಳ ಕಡಿತದ ಹಾಗೆ ಕಾಣುತ್ತದೆ. ಗಾರ್ಡ್ ಹೋದ ಮೇಲೆ ದೊಡ್ಡ ಚಕ್ರ ಕೂರಿಸಲು ಜಾಗವಾಗುತ್ತದೆ. ದೊಡ್ಡ ಚಕ್ರ ಬೇಗ ಕತ್ತರಿಸುತ್ತದೆ, ಹೆಚ್ಚು ಹೊತ್ತು ಬಾಳುತ್ತದೆ. ನಾಲ್ಕು ಇಂಚಿನ ಗ್ರೈಂಡರ್‌ಗೆ ಏಳು ಇಂಚಿನ ಚಕ್ರ ಬರುವುದು ಹೀಗೆ.

ಇದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. ನೂರು ಮಿಲಿಮೀಟರಿನ ಕಟಿಂಗ್ ಚಕ್ರದ ಮೇಲೆ ಸಾಮಾನ್ಯವಾಗಿ ನಿಮಿಷಕ್ಕೆ 15,300 ಸುತ್ತು ಎಂದು ಮಿತಿ ಬರೆದಿರುತ್ತದೆ. 180 ಮಿಲಿಮೀಟರಿನದಕ್ಕೆ 8,500. ಎರಡರಲ್ಲೂ ಅಂಚಿನ ವೇಗ ಸೆಕೆಂಡಿಗೆ 80 ಮೀಟರ್, ಅಂದರೆ ಗಂಟೆಗೆ 288 ಕಿಲೋಮೀಟರ್; ಚಕ್ರವನ್ನು ಕಟ್ಟಿರುವುದೇ ಅಷ್ಟಕ್ಕೆ. 12,000 ಸುತ್ತು ತಿರುಗುವ ಗ್ರೈಂಡರ್‌ಗೆ ಆ ದೊಡ್ಡ ಚಕ್ರ ಹಾಕಿದರೆ ಅದನ್ನು ಒಳಗಿನಿಂದ ಹರಿಯುವ ಬಲ ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಒಡೆದರೆ ಚೂರು ಹಾರುವುದು ಮುಖ, ಕುತ್ತಿಗೆಯ ಕಡೆಗೇ. ಗಾರ್ಡ್ ಇರುವುದು ಆ ಒಂದು ಗಳಿಗೆಗಾಗಿ.

‘ಗಾಳೀದ್ ಮಷೀನ್ ಐತ್ರೀ, ಕರೆಂಟ್ ಏನ್ ಹೊಡಿತೈತಿ?’ ಎನ್ನುವವರು ಬಹಳ. ಕರೆಂಟ್ ಹೊಡೆಯದು, ನಿಜ. ಭಾರ ಬಿದ್ದರೆ ನಿಲ್ಲುತ್ತದೆಯೇ ಹೊರತು ಮೋಟರ್ ಸುಡುವುದಿಲ್ಲ, ಕೈಗೂ ಹಗುರ. ನೀರು ಬಿಟ್ಟುಕೊಂಡು ಗ್ರಾನೈಟ್ ಪಾಲಿಶ್ ಮಾಡುವವರು ಇದನ್ನೇ ಹಿಡಿಯುವುದೂ ಅದಕ್ಕೇ. ಆದರೆ ಇದರ ಅಪಾಯ ಬೇರೆ ದಾರಿಯಿಂದ ಬರುತ್ತದೆ, ಆ ದಾರಿ ಕಾಣಬೇಕಾದರೆ ಯಂತ್ರ ಬಿಚ್ಚಬೇಕು.

ಹಿಂದಿನ ಮುಚ್ಚಳ ತಿರುವಿ ತೆಗೆದರೆ ಉಕ್ಕಿನ ಸಿಲಿಂಡರ್, ಅದರೊಳಗೆ ಒಂದು ಪಕ್ಕಕ್ಕೆ ಸರಿದು ಕುಳಿತ ರೋಟರ್. ರೋಟರಿನ ಸೀಳುಗಳಲ್ಲಿ ನಾಲ್ಕೈದು ತೆಳು ಪಟ್ಟಿಗಳು, ಅವೇ ವೇನ್. ಗಾಳಿ ಅವನ್ನು ತಳ್ಳಿದಾಗ ರೋಟರ್ ತಿರುಗುತ್ತದೆ. ತುದಿಯಲ್ಲಿ ಗವರ್ನರ್: ಪುಟ್ಟ ತೂಕಗಳು ವೇಗ ಏರಿದಂತೆ ಹೊರಕ್ಕೆ ಚಾಚಿ ಗಾಳಿಯ ದಾರಿಯನ್ನು ಕಿರಿದು ಮಾಡುತ್ತವೆ. ಮಳೆಗಾಲದಲ್ಲಿ ಬರುವ ಯಂತ್ರ ಬಿಚ್ಚಿದರೆ ಮೊದಲು ಸುರಿಯುವುದು ಚಹಾ ಬಣ್ಣದ ನೀರು. ಬೆಳಗಾವಿಯ ಜೂನ್-ಜುಲೈನ ತೇವ ತುಂಬಿದ ಗಾಳಿಯನ್ನು ಕಂಪ್ರೆಸರ್ ಹಿಂಡಿದಾಗ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ದಿನವೂ ಕೆಳಗಿನ ನಲ್ಲಿ ತಿರುವಿ ಅದನ್ನು ಬಿಡದಿದ್ದರೆ ಅದು ಪೈಪು ಹಿಡಿದು ಯಂತ್ರಕ್ಕೇ ಬರುತ್ತದೆ, ಎಣ್ಣೆ ತೊಳೆದುಹೋಗುತ್ತದೆ, ವೇನ್ ಉಬ್ಬುತ್ತದೆ, ಗವರ್ನರ್ ತುಕ್ಕು ಹಿಡಿದು ತೆರೆದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಯಂತ್ರದ ವೇಗಕ್ಕೆ ಲಗಾಮಿಲ್ಲ. ಹಿಡಿದವನಿಗೆ ಇದು ತಿಳಿಯುವುದೂ ಇಲ್ಲ. ‘ಇವತ್ತ ಮಷೀನ್ ಭಾರಿ ಓಡಾಕತ್ತೈತಿ’ ಎಂದು ಅವನು ಖುಷಿಯೇ ಪಡುತ್ತಾನೆ.

ಸಣ್ಣ ಕಟರ್‌ಗಳಲ್ಲಿ ಎಷ್ಟೋ ಸಲ ಗವರ್ನರೇ ಇರುವುದಿಲ್ಲ. ಅಲ್ಲಿ ವೇಗ ಹಿಡಿಯುವುದು ಗಾಳಿಯ ಒತ್ತಡ ಮಾತ್ರ. ಇಂಥ ಯಂತ್ರಗಳನ್ನು ಮಾಡಿರುವುದು ಸಾಮಾನ್ಯವಾಗಿ 6.3 ಬಾರ್, ಅಂದರೆ 90 ಪಿಎಸ್‌ಐಗೆ. ಕಂಪ್ರೆಸರ್ ಎಂಟು, ಹತ್ತು ಬಾರ್ ತುಂಬಿಕೊಂಡಿರುತ್ತದೆ. ನಡುವೆ ರೆಗ್ಯುಲೇಟರ್ ಇಲ್ಲದಿದ್ದರೆ ಅಷ್ಟೂ ನೇರ ಕೈಗೆ.

ಹಾಗಾದರೆ ದಿನಾ ಮಾಡಬೇಕಾದದ್ದು ಏನು? ಟ್ಯಾಂಕಿನ ನೀರು ಬಿಡುವುದು. ಗಾಳಿ ಬರುವ ಬಾಯಿಗೆ ಏರ್ ಟೂಲ್ ಎಣ್ಣೆಯ ನಾಲ್ಕೈದು ಹನಿ ಹಾಕುವುದು (ಎಂಜಿನ್ ಆಯಿಲ್ ದಪ್ಪ, ವೇನ್ ಅಂಟಿಕೊಳ್ಳುತ್ತದೆ). ಚಕ್ರ ಬದಲಿಸುವ ಮುಂಚೆ ಹೋಸ್ ಕಳಚಿ, ಲಿವರ್ ಒತ್ತಿ ಉಳಿದ ಗಾಳಿ ಬಿಡುವುದು. ಹೊಸ ಚಕ್ರದ ನಡುವಿನ ಲೋಹದ ಬಿಲ್ಲೆಯ ಮೇಲಿನ ತಿಂಗಳು-ವರ್ಷ ಓದುವುದು. ಅದು ಚಕ್ರದ ಅವಧಿ. ರಾಳ ಕಟ್ಟಿ ಮಾಡಿದ ಚಕ್ರ ತೇವ ಹೀರಿ ಬಲ ಕಳೆದುಕೊಳ್ಳುತ್ತದೆ, ಸೋರುವ ಶೆಡ್ಡಿನ ಮೂಲೆಯಲ್ಲಿಟ್ಟರೆ ಇನ್ನೂ ಬೇಗ. ಕೂರಿಸಿದ ಮೇಲೆ ಮುಖದಿಂದ ದೂರ ಹಿಡಿದು ಒಂದು ನಿಮಿಷ ಸುಮ್ಮನೆ ಓಡಿಸುವುದು. ಕತ್ತರಿಸುವ ಚಕ್ರದ ಬದಿಯಿಂದ ಎಂದೂ ಉಜ್ಜಬಾರದು, ಬೆರಳು ನೋಯುತ್ತದೆಂದು ಲಿವರ್‌ಗೆ ತಂತಿ ಬಿಗಿಯಬಾರದು. ತಂತಿ ಬಿಗಿದ ಗ್ರೈಂಡರ್ ಕೈಜಾರಿದರೆ ನೆಲದ ಮೇಲೂ ಓಡುತ್ತಲೇ ಇರುತ್ತದೆ.

ಇದಕ್ಕೆಲ್ಲ ಪಾಳಿಗೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೆ ದುಡ್ಡು ಕೊಡುವವರು ಯಾರು ಎಂಬುದೇ ನನ್ನ ತಕರಾರು. ಇವತ್ತು ಅದು ಕೆಲಸಗಾರನ ಜೇಬಿನಿಂದ ಹೋಗುತ್ತಿದೆ. ನೀರು ಬಿಡುತ್ತ ನಿಂತರೆ ಅವನ ಎರಡು ನಗ ಕಡಿಮೆಯಾಗುತ್ತವೆ.

ಧೂಳಿನದೂ ಇದೇ ಕಥೆ. ಎರಕಕ್ಕೆ ಕಚ್ಚಿದ ಮರಳು ಸಿಲಿಕಾ. ಉಜ್ಜಿದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶದ ತಳಕ್ಕಿಳಿದು ಗಾಯ ಕಟ್ಟುತ್ತದೆ. ಅದೇ ಸಿಲಿಕೋಸಿಸ್, ಅದನ್ನು ವಾಸಿ ಮಾಡುವ ಔಷಧವಿಲ್ಲ. ಮೂಗಿಗೆ ಸುತ್ತಿದ ಟವೆಲ್ ಆ ಪುಡಿಯನ್ನು ತಡೆಯದು. ಸರಿಯಾದ ಮಾಸ್ಕ್ ಹಾಕಿಕೊಂಡವನಿಗೆ ಉಸಿರು ಭಾರವಾಗುತ್ತದೆ, ಅವನು ಆಗಾಗ ನಿಂತು ಸುಧಾರಿಸಿಕೊಳ್ಳಬೇಕು. ಆ ಪುರುಸೊತ್ತು ಪೀಸ್ ರೇಟಿನಲ್ಲಿ ಎಲ್ಲಿದೆ?

ಗ್ರೈಂಡಿಂಗ್ ನಡೆಯುವ ಕೋಣೆಯಲ್ಲಿ ಪ್ರತಿ ಯಂತ್ರದ ಬಳಿ ಚಕ್ರದ ಗರಿಷ್ಠ ಸುರಕ್ಷಿತ ವೇಗವನ್ನೂ ಸ್ಪಿಂಡಲಿನ ವೇಗವನ್ನೂ ಬರೆದು ಹಾಕಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 30ನೇ ಕಲಮೇ ಹೇಳಿತ್ತು. ಅಂಥ ಫಲಕವನ್ನು ನಾನು ದೊಡ್ಡ ಫೌಂಡ್ರಿಗಳಲ್ಲಿ ಕಂಡಿದ್ದೇನೆ. ಹತ್ತು ಜನಕ್ಕಿಂತ ಕಡಿಮೆ ಇರುವ, ದೊಡ್ಡವರ ಎರಕವನ್ನೇ ಗುತ್ತಿಗೆಗೆ ತಂದು ಉಜ್ಜುವ ಶೆಡ್ಡುಗಳಲ್ಲಿ ಕಂಡಿಲ್ಲ. ಕೆಲಸ ಕೊಡುವ ಕಂಪನಿ ಎರಕದ ಅಳತೆಯನ್ನು ಕೂದಲೆಳೆಯಷ್ಟೂ ಬಿಡದೆ ಪರೀಕ್ಷಿಸುತ್ತದೆ, ಅದನ್ನು ಉಜ್ಜಿದವನ ಗ್ರೈಂಡರ್‌ಗೆ ಗಾರ್ಡ್ ಇತ್ತೇ ಎಂದು ಕೇಳುವುದಿಲ್ಲ. ಕೇಳಬೇಕು. ಗುತ್ತಿಗೆಯ ದರದಲ್ಲೇ ಆ ಹತ್ತು ನಿಮಿಷದ ಕೂಲಿ ಸೇರಬೇಕು, ಮಾಸ್ಕ್‌ನ ಬೆಲೆಯೂ ಸೇರಬೇಕು.

ನನ್ನ ಅಂಗಡಿಯಿಂದ ಹೊರಡುವ ಪ್ರತಿ ಗ್ರೈಂಡರನ್ನೂ ಟ್ಯಾಕೋಮೀಟರ್ ಹಿಡಿದು ಓಡಿಸಿ, ಬಂದ ವೇಗವನ್ನು ಬಿಳಿ ಪೇಂಟಿನಲ್ಲಿ ಮೈಮೇಲೆ ಬರೆದು ಕೊಡುತ್ತೇನೆ. ಗಾರ್ಡ್ ತಾರದವರಿಗೆ ಯಂತ್ರ ವಾಪಸ್ ಕೊಡುವುದಿಲ್ಲ. ಇದರಿಂದ ಕೆಲವು ಗಿರಾಕಿಗಳು ಬೇರೆ ಅಂಗಡಿ ಹಿಡಿದಿದ್ದಾರೆ. ಉದ್ಯಮಬಾಗ್, ಮಚ್ಛೆಯ ಉಳಿದ ರಿಪೇರಿಯವರೂ ಇದೇ ಪಟ್ಟು ಹಿಡಿದರೆ ಆ ಗಿರಾಕಿಗಳಿಗೆ ಹೋಗಲು ಬೇರೆ ಅಂಗಡಿ ಇರುವುದಿಲ್ಲ.