ಮಂಗಳ ಗ್ರಹ ಕೆಂಪಗಿರುವುದೇಕೆ? ಶನಿ ನೀರಿನಲ್ಲಿ ತೇಲುತ್ತದೆಯೇ?

‘ಮಂಗಳ ಬೆಂಕಿಯಂತೆ ಸುಡುತ್ತದೆ, ಅದಕ್ಕೇ ಕೆಂಪು’ ಎಂಬ ಫಾರ್ವರ್ಡ್ ನಮಗೂ ಬಂತು. ಬಣ್ಣ ನಿಜ, ಕಾರಣ ತಪ್ಪು. ಅಲ್ಲಿನ ಸರಾಸರಿ ಉಷ್ಣಾಂಶ ಸುಮಾರು ಮೈನಸ್ 60 ಡಿಗ್ರಿ ಸೆಲ್ಸಿಯಸ್! ಧೂಳಿನಲ್ಲಿರುವ ಕಬ್ಬಿಣ ತುಕ್ಕು ಹಿಡಿದಿದೆ, ಅಷ್ಟೆ. ಕೊಪ್ಪಳ ಸೀಮೆಯ ಮಸಾರಿ ಹೊಲ ಕೆಂಪಗಿರುವುದೂ ಕಬ್ಬಿಣದ ಆಕ್ಸೈಡ್‌ನಿಂದಲೇ.

ಆದರೆ ಬಣ್ಣ ಹೇಳುವುದು ಮೇಲ್ಪದರದ ಕಥೆ. ಒಳಗೇನಿದೆ ಎಂದು ತಿಳಿಯಲು ಸಾಂದ್ರತೆ ನೋಡಬೇಕು. ಒಂದು ಘನ ಸೆಂಟಿಮೀಟರ್ ನೀರು 1 ಗ್ರಾಂ ತೂಗಿದರೆ, ಗಂಗಾವತಿ ಕಡೆಯ ಬೆಟ್ಟಗಳ ಗ್ರಾನೈಟ್ ಸುಮಾರು 2.7 ಗ್ರಾಂ. ಮಂಗಳದ ಸರಾಸರಿ 3.9. ಒಳಗೆ ದೊಡ್ಡ ಕಬ್ಬಿಣದ ತಿರುಳಿರುವ ಭೂಮಿಯದ್ದು 5.5. ಬಹುಪಾಲು ಹೈಡ್ರೋಜನ್, ಹೀಲಿಯಂ ತುಂಬಿರುವ ಶನಿಯದ್ದು ಬರೀ 0.7, ಒಟ್ಟು ತೂಕದಲ್ಲಿ ಮಾತ್ರ ಅದು ಭೂಮಿಯ 95 ಪಟ್ಟು.

‘ಶನಿ ನೀರಿನಲ್ಲಿ ತೇಲುತ್ತದೆ’ ಎಂಬ ಇನ್ನೊಂದು ಫಾರ್ವರ್ಡ್ ಹುಟ್ಟಿದ್ದು ಈ ಅಂಕಿಯಿಂದಲೇ. ಲೆಕ್ಕವೇನೋ ಸರಿ. ಆದರೆ ಶನಿ ಗಟ್ಟಿ ಚೆಂಡಲ್ಲ, ಅದನ್ನು ಬಿಡುವಷ್ಟು ದೊಡ್ಡ ಕೆರೆಯೂ ಎಲ್ಲೂ ಇಲ್ಲ.